ಹಾಸು ಸೊನ್ನೆ, ಹೊಕ್ಕು ನಲವತ್ತು

ಬನಹಟ್ಟಿಯ ನಮ್ಮ ಓಣಿಯಲ್ಲಿ ನೂಲಿಗೆ ಮಾತ್ರವಲ್ಲ, ಮನುಷ್ಯರಿಗೂ ನಂಬರು ಇತ್ತು. ಕೊಡುತ್ತಿದ್ದವರು ಪಕ್ಕದ ಮನೆಯ ಕಾಕಾ. ನೂಲಿನ ಲೋಕದಲ್ಲಿ ನಂಬರು ಏರಿದಷ್ಟೂ ಎಳೆ ಸಣ್ಣದಾಗುತ್ತದೆ. ಇಪ್ಪತ್ತರದು ಒರಟು, ಎಂಬತ್ತರದು ನವಿರು. ನಮ್ಮೂರಿನಲ್ಲಿ ಮಕ್ಕಳಿಗೆ ಮಗ್ಗಿಗಿಂತ ಮೊದಲು ಈ ಲೆಕ್ಕ ಬರುತ್ತದೆ. ಕಾಕಾ ಅದನ್ನೇ ಹಿಡಿದು ಊರನ್ನೆಲ್ಲ ಅಳೆದಿಟ್ಟಿದ್ದರು. ಜೋರು ಬಾಯಿಯ ಹಾಲಿನವನು "ಹತ್ತರ ನೂಲು, ಗೋಣಿಚೀಲಕ್ಕ ಅಡ್ಡಿಯಿಲ್ಲ." ಬ್ಯಾಂಕಿನ ಸಾಹೇಬರು "ನಲವತ್ತು, ಆದ್ರ ನಡುನಡುವ ಗಂಟ ಅದಾವ." ನಾನು ಮದುವೆಯಾಗಿ ಈ ಓಣಿಗೆ ಬಂದ ಹೊಸತರಲ್ಲಿ ನನ್ನನ್ನು ಒಂದು ಗಳಿಗೆ ನೋಡಿ, "ಅರವತ್ತು ಇರಬೇಕು. ತೊಳದ ಮ್ಯಾಲ ಗೊತ್ತಾಗತೈತಿ" ಎಂದಿದ್ದರು. ಹೆಂಡತಿಗೆ ಎಷ್ಟು ನಂಬರು ಎಂದು ಕೇಳಿದರೆ ಮಾತ್ರ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸುತ್ತಿದ್ದರು. ಅವರ ತಗ್ಗಿದ ದನಿ ಓಣಿಯ ಕೊನೆಗೆ ಕೇಳಿಸುತ್ತಿತ್ತು. "ನೂರರ ಮ್ಯಾಲಿಂದವ್ವಾ ಅದು. ಭಾಳ ಸಣ್ಣ ಎಳಿ. ಎಳದ್ರ ಹರಿಯಂಗಿಲ್ಲ, ಬೆರಳ ಕೊಯ್ತೈತಿ." ಒಳಗಿನಿಂದ ಅವರ ಹೆಂಡತಿ ಕಾಕು, "ಕೇಳಿಸಿತ್ರೀ" ಎನ್ನುತ್ತಿದ್ದರು.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬರೆದರೆ ಓಣಿಯಲ್ಲಿ ಪ್ರತಿಯೊಬ್ಬರೂ "ಹಂಗಲ್ಲ, ಹಿಂಗ ಆಗಿದ್ದು" ಎಂದು ತಿದ್ದಲು ಬರುತ್ತಾರೆ. ಅವರ ಬಗ್ಗೆ ಎಲ್ಲರ ಹತ್ತಿರವೂ ಒಂದೊಂದು ಕತೆ ಇದೆ, ಮತ್ತು ಎಲ್ಲರ ಕತೆಯಲ್ಲೂ ಕೊನೆಗೆ ಕಾಕಾನದೇ ತಪ್ಪು. ಆದರೆ ತಪ್ಪಾಯಿತೆಂದು ಕಾಕಾ ಒಪ್ಪಿಕೊಂಡ ಕತೆ ಯಾರ ಹತ್ತಿರವೂ ಇಲ್ಲ.

ಮನೆಯ ಹಿಂದಿನ ಕೋಣೆಗಳಲ್ಲಿ ಅವರ ಪಾವರಲೂಮುಗಳು. ಸೀರೆ ನೇಯಿಸುತ್ತಿದ್ದರು. ಬಿಳಿ ಅಂಗಿ, ಅದರ ಕಿಸೆಯಲ್ಲಿ ಸಣ್ಣ ಕತ್ತರಿ ಮತ್ತು ಎಳೆ ಎಣಿಸುವ ಭೂತಗನ್ನಡಿ. ಯಾವ ವಸ್ತು ಕೈಗೆ ಬಂದರೂ ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಉಜ್ಜುತ್ತಿದ್ದರು. ನೂಲು ಸರಿ. ಆದರೆ ರವೆ, ವಿಭೂತಿ, ನೋಟು, ನಮ್ಮ ಮನೆಯ ಹೋಳಿಗೆಯ ಅಂಚು, ಎಲ್ಲಕ್ಕೂ ಅದೇ ಪರೀಕ್ಷೆ. ನನ್ನ ತಮ್ಮನಿಗೆ ಹೆಣ್ಣು ನೋಡಲು ಬೀಳಗಿಗೆ ಹೋದಾಗ ಅವರನ್ನೂ ಕರೆದುಕೊಂಡು ಹೋಗಿದ್ದೆವು. ಹುಡುಗಿಯನ್ನು ಅವರು ನೋಡಲೇ ಇಲ್ಲ. ಕಿಟಕಿಯ ಪರದೆಯನ್ನು ಬೆರಳಲ್ಲಿ ಉಜ್ಜಿ, "ಮಂದಿ ಛಲೋ ಅದಾರ" ಎಂದು ಎದ್ದುಬಿಟ್ಟರು. ಸಂಬಂಧ ಆಯಿತು, ಚೆನ್ನಾಗಿಯೂ ಇದ್ದಾರೆ. ಅದರ ಶ್ರೇಯಸ್ಸು ಪರದೆಗೆ ಹೋಯಿತು.

ಮಾತು ಬಲು ಜೋರು. ನಮ್ಮೂರಲ್ಲಿ ಎಲ್ಲರದೂ ಜೋರೇ, ಬೆಳಗಿನಿಂದ ರಾತ್ರಿಯವರೆಗೆ ಖಟಖಟ ಅನ್ನುವ ಮಗ್ಗಗಳ ನಡುವೆ ಪಿಸುಮಾತಾಡಿ ಬದುಕಿದವರಿಲ್ಲ. ಕಾಕಾ ಮಾತ್ರ ಇನ್ನೂ ಒಂದು ಕೈ ಮೇಲೆ. ಅವರು ಜಮಖಂಡಿಗೆ ಫೋನು ಮಾಡಿದರೆ, ಫೋನು ಯಾಕೆ ಬೇಕಿತ್ತು ಎಂದು ನಮ್ಮ ಮಾವ ಕೇಳುತ್ತಿದ್ದರು. ಅವರ ಉತ್ತರಗಳೂ ಪ್ರಸಿದ್ಧ. "ಮಗಳ ಮನಿಂದ ಯಾವಾಗ ಬಂದ್ರಿ?" ಎಂದು ಯಾರೋ ಕೇಳಿದರೆ, "ಬಣ್ಣ ಬಿಡಂಗಿಲ್ರಿ, ಗ್ಯಾರಂಟಿ" ಎಂದರು. ಓಣಿಯೆಲ್ಲ ನಕ್ಕಿತು. ಎಂಥ ಚೇಷ್ಟೆಯ ಮನುಷ್ಯ ಎಂದುಕೊಂಡೆವು. ಆಮೇಲೆ ಯಾರಾದರೂ ಅಡ್ಡ ಉತ್ತರ ಕೊಟ್ಟರೆ "ಬಣ್ಣ ಬಿಡಂಗಿಲ್ಲ" ಅನ್ನುವುದು ಓಣಿಯ ಗಾದೆಯೇ ಆಯಿತು.

ಇಂಥ ಮನುಷ್ಯ ಒಂದು ದಿನ ಜರ್ಮನಿಯ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದರು. ಮುಧೋಳದ ಕಡೆಯ ಸಕ್ಕರೆ ಕಾರಖಾನೆಯ ಮಂದಿ ಇಟ್ಟುಕೊಂಡು ಬಿಟ್ಟದ್ದು. ಕಡು ನೀಲಿ ಬಣ್ಣ, ನೆಲಕ್ಕೆ ತಾಗುವಂಥ ಕುಳ್ಳ ಗಾಡಿ, ಒಳಗೆ ಎರಡೆರಡು ಟರ್ಬೊ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ನೂರು ದಾಟುತ್ತದಂತೆ. ಕೊಳ್ಳುವಾಗ ಕಾಕಾ ಇಂಜಿನ್ ನೋಡಲಿಲ್ಲ. ಭೂತಗನ್ನಡಿ ತೆಗೆದು ಸೀಟಿನ ಹೊಲಿಗೆ ನೋಡಿದರು. "ಎಂಬತ್ತರ ಕೆಲಸ ಐತಿ ಇದು. ಇಂಜಿನ್ ಮಾಡಿದಾಂವಾ ಬ್ಯಾರೆ ಇರತಾನೇನು?" ಎಂದು ಮಗನಿಗೆ ಹೇಳಿದರಂತೆ. ಮಗ ಪಿಕಪ್ ಗಾಡಿಯಲ್ಲಿ ಸೀರೆ ಗಂಟು ಸಾಗಿಸುವವನು. ಅಪ್ಪನ ಎದುರು ಮಾತಾಡಿ ಗೊತ್ತಿಲ್ಲ.

ಆ ಗಾಡಿಗೆ ನಮ್ಮ ಕಡೆ ಓಡಲು ರಸ್ತೆ ಎಲ್ಲಿದೆ? ಕಬ್ಬಿನ ಹಂಗಾಮು ಬಂತೆಂದರೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ರಸ್ತೆ ತುಂಬ ಹೋಗುತ್ತವೆ. ಅವುಗಳ ಹಿಂದೆ, ಕಬ್ಬಿನ ಸೋಗೆ ಉದುರಿಸಿಕೊಳ್ಳುತ್ತ, ಜರ್ಮನಿಯ ಗಾಡಿ ತೆವಳುತ್ತಿತ್ತು. ಪ್ರತಿ ಹಂಪಿನ ಮೇಲೂ ಹೊಟ್ಟೆ ಉಜ್ಜುತ್ತಿತ್ತು. ಕಾಕಾ ಮಾತ್ರ ಸ್ಟೇರಿಂಗ್ ಹಿಂದೆ ನೆಟ್ಟಗೆ ಕೂತು ಎರಡೂ ಕಡೆ ನಮಸ್ಕಾರ ಸ್ವೀಕರಿಸುತ್ತಿದ್ದರು. ಯಾರೂ ಮಾಡದಿದ್ದರೂ ಸ್ವೀಕರಿಸುತ್ತಿದ್ದರು.

ಮೊದಲ ತಿಂಗಳು ಓಣಿಗೆ ಇನ್ನೊಂದು ಮೋಜು ಸಿಕ್ಕಿತು. ಆ ಗಾಡಿಗೆ ಕೀಲಿ ತಿರುವುವುದಿಲ್ಲ, ಗುಂಡಿ ಒತ್ತಬೇಕು. ಕಾಕಾ ಒತ್ತುತ್ತಿದ್ದರು. ಇಂಜಿನ್ ಚಾಲೂ ಆಗುತ್ತಿತ್ತು. ಕಾಕಾ ಮತ್ತೆ ಒತ್ತುತ್ತಿದ್ದರು. ಬಂದ್ ಆಗುತ್ತಿತ್ತು. "ಬ್ಯಾಟರಿ ವೀಕ್ ಐತಿ" ಎನ್ನುತ್ತಿದ್ದರು. ಚಾಲೂ ಆಗಿದ್ದು ನಮಗೆಲ್ಲ ಗೊತ್ತು. ಆದರೂ ಯಾರೂ ಹೇಳಲಿಲ್ಲ. ಮುಂಜಾನೆ ಚಹಾ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತು ನೋಡುವುದಕ್ಕೆ ಚೆನ್ನಾಗಿತ್ತಲ್ಲ.

ಎಣ್ಣೆ ಬದಲಿಸುವ ಹೊತ್ತು ಬಂತು. ಗಾಡಿಯ ಜೊತೆ ಬಂದ ದಪ್ಪ ಪುಸ್ತಕ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ನಾನು ರಬಕವಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹಾಗಾಗಿ ವಯಸ್ಸಿನಲ್ಲಿ ಅವರ ಮಗಳಂತಿದ್ದರೂ ನಾನು ಅವರಿಗೆ ಅಕ್ಕೋರು, ಅಂದರೆ ಟೀಚರು.

"ಏ ಅಕ್ಕೋರ, ಇದರಾಗ ಎಣ್ಣಿ ಯಾವುದ ಬರದಾರ ನೋಡು."

ನೋಡಿ ಓದಿದೆ. ಸೊನ್ನೆ, ಡಬ್ಲ್ಯೂ, ಒಂದು ಅಡ್ಡಗೆರೆ, ನಲವತ್ತು.

ಕಾಕಾ ಆ ಪುಟವನ್ನು ಬೆರಳ ನಡುವೆ ಉಜ್ಜಿದರು. ಮುಖ ನೋಡಿದರೆ ಜರ್ಮನಿಯ ಬಗ್ಗೆ ಇದ್ದ ಗೌರವ ಇಳಿಯುತ್ತಿರುವುದು ಕಾಣುತ್ತಿತ್ತು.

"ಹಾಸು ಸೊನ್ನಿ, ಹೊಕ್ಕು ನಲವತ್ತು?"

ನನಗೆ ಅರ್ಥವಾಗಲಿಲ್ಲ. ಅವರೇ ತಿಳಿಸಿ ಹೇಳಿದರು. ಬಟ್ಟೆಯಲ್ಲಿ ಉದ್ದಕ್ಕೆ ಬರುವ ಎಳೆ ಹಾಸು, ಅಡ್ಡಕ್ಕೆ ಬರುವುದು ಹೊಕ್ಕು. ಬಟ್ಟೆಯ ಗುಣ ಬರೆಯುವಾಗ ಮೊದಲು ಹಾಸಿನ ನಂಬರು, ಆಮೇಲೆ ಹೊಕ್ಕಿನ ನಂಬರು. ಮುಂಬಯಿಯ ವ್ಯಾಪಾರಿಗಳು ಹಾಸನ್ನು ಇಂಗ್ಲಿಷಿನಲ್ಲಿ ವಾರ್ಪ್ ಅನ್ನುತ್ತಾರೆ, ಅದೇ ಈ ಡಬ್ಲ್ಯೂ. "ಅಂದ್ರ ಹಾಸ ಇಲ್ಲ ಇದಕ್ಕ. ಹಾಸಿಲ್ದ ಬಟ್ಟಿ ನೇಯತಾರೇನವ್ವಾ? ಗಾಳಿಗೆ ಹಾರಿ ಹೋಗತೈತಿ!"

ನನಗೆ ನಗು ತಡೆಯಲಿಲ್ಲ. ಅವರು ನಗಲಿಲ್ಲ. ಮಗ್ಗದವರ ತಲೆಗೆ ಮಾತ್ರ ಬರಬಹುದಾದ ತಪ್ಪು ಇದು. ಇಷ್ಟು ಚೆಂದದ ತಪ್ಪನ್ನು ತಿದ್ದಲು ಮನಸ್ಸೇ ಬರುವುದಿಲ್ಲ. ಆದರೂ ಗಾಡಿ ಉಳಿಯಬೇಕಲ್ಲ. "ಜಮಖಂಡಿಗೆ ಹೋಗಿ ಕೇಳೋಣ ನಡೀರಿ" ಎಂದೆ.

ಜಮಖಂಡಿಯಲ್ಲಿ ಗಾಡಿಗಳ ಎಣ್ಣೆ ಮಾರುವ ರಸೂಲಸಾಬ ಕಾಕಾನ ಬಾಲ್ಯದ ಗೆಳೆಯ. ಒಂದೇ ಶಾಲೆ, ಒಂದೇ ಬೆಂಚು. ಹಬ್ಬಕ್ಕೆ ಇಲ್ಲಿಂದ ಅಲ್ಲಿಗೆ ಕರ್ಚಿಕಾಯಿ, ಅಲ್ಲಿಂದ ಇಲ್ಲಿಗೆ ಶ್ಯಾವಿಗೆಯ ಸುರಕುಂಬಾ ತಪ್ಪದೆ ಹೋಗಿ ಬರುತ್ತಿದ್ದವು. ಅವರ ಅಂಗಡಿಯ ಬಾಗಿಲಲ್ಲಿ ಗಾಡಿ ನಿಂತಾಗ ಅವರು ಹೊರಗೆ ಬಂದು ಅದರ ಸುತ್ತ ಒಂದು ಸುತ್ತು ಹಾಕಿದರು.

"ಬಾ ಸಾವ್ಕಾರ. ಚಾ ತರಸ್ಲಿ?"

"ಚಾ ಹಿಂದಿಂದ. ಮೊದಲ ಇದನ್ನ ಹೇಳು. ಹಾಸಿಲ್ದ ಬಟ್ಟಿ ಯಾವ ಊರಾಗ ನೇಯತಾರ?"

ರಸೂಲಸಾಬ ನನ್ನ ಕಡೆ ನೋಡಿದರು. ನಾನು ವಿವರಿಸಿದೆ. ಅವರು ನಕ್ಕರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು. ಆ ಎರಡನೆಯ ನಗು ನಗಬಾರದಿತ್ತು.

"ಲೇ, ಅದು ಹಾಸೂ ಅಲ್ಲ, ಹೊಕ್ಕೂ ಅಲ್ಲ. ಡಬ್ಲೂ ಅಂದ್ರ ವಿಂಟರ್, ಚಳಿಗಾಲ. ಗಾಡಿ ತಣ್ಣಗ ನಿಂತಾಗ ಎಣ್ಣಿ ಎಷ್ಟ ಸಲೀಸ ಹರೀತೈತಿ ಅಂತ ಮುಂದಿನ ನಂಬರ ಹೇಳತೈತಿ. ಸೊನ್ನಿ ಅಂದ್ರ ಭಾಳ ಸಲೀಸ. ಹಿಂದಿನ ನಲವತ್ತ ಐತಲ್ಲ, ಅದು ಇಂಜಿನ್ ಕಾದ ಮ್ಯಾಲ ಎಷ್ಟ ದಪ್ಪ ಉಳೀತೈತಿ ಅಂತ. ಎಣ್ಯಾಗ ನಂಬರ ಏರಿದಂಗ ದಪ್ಪ."

"ನಂಬರ ಏರಿದಂಗ ಸಣ್ಣ."

"ನೂಲಿನಾಗ ಸಣ್ಣ. ಎಣ್ಯಾಗ ದಪ್ಪ."

"ಒಂದ ಜಗತ್ತಿನಾಗ ಎರಡ ಲೆಕ್ಕ ಹೆಂಗ ಇರತಾವ? ಇದು ಭಾರಿ ಗಾಡಿ. ಇದಕ್ಕ ಸಣ್ಣ ಎಣ್ಣಿ ಬೇಕು. ಅಲ್ಲಿ ಇಪ್ಪತ್ತು-ಐವತ್ತು ಅಂತ ಡಬ್ಬಿ ಐತಿ ನೋಡು. ಹಾಸು ಇಪ್ಪತ್ತು, ಗಟ್ಟಿ. ಹೊಕ್ಕು ಐವತ್ತು, ನಯ. ಅದನ್ನ ಕೊಡು. ಮತ್ತ ಚಳಿಗಾಲ ಅಂತಿ, ಜಮಖಂಡ್ಯಾಗ ಚಳಿ ಎಲ್ಲೈತಲೇ?"

ರಸೂಲಸಾಬ ಈಗ ನಗುತ್ತಿರಲಿಲ್ಲ. "ಇದರಾಗ ಟರ್ಬೊ ಐತಿ. ಗುಂಡಿ ಒತ್ತಿದ ಕೂಡಲೆ ಬುಗರಿಯಾಗಿ ತಿರಗತೈತಿ. ದಪ್ಪ ಎಣ್ಣಿ ಅಲ್ಲಿತನಕ ಮುಟ್ಟೂದರಾಗ ಅದು ಒಣಾ ತಿರಗಿ ಸವದು ಹೋಗತೈತಿ. ಬರೇ ಸೊನ್ನಿ-ನಲವತ್ತು ಅಂದ್ರೂ ಸಾಲಂಗಿಲ್ಲ. ಗಾಡಿ ಮಾಡಿದಾವ್ರು ಒಪ್ಪಿದ ಗುರ್ತು ಡಬ್ಬಿ ಹಿಂದ ಇರಬೇಕು, ನಾನ ತರಸಿ ಕೊಡ್ತೇನಿ. ಆ ಐವತ್ತರದ್ದು ಹಳೇ ಜೀಪಿಗೆ ಕೇಳು, ಕೊಡ್ತೇನಿ. ಇದಕ್ಕ ನನ್ನ ಕೈಲೆ ಕೊಡಂಗಿಲ್ಲ. ಇಂಜಿನ್ ಹೋತಂದ್ರ ಈ ಗಾಡಿ ಗುಜರಿಗೆ ಹೋತು ಅಂತ ತಿಳಿ."

ಕಾಕಾ ಎದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮನುಷ್ಯ. ಗೆಳೆಯ ನಾಲ್ಕನೆಯ ಕಾಲು ತೋರಿಸಿದರೆ ಸಿಟ್ಟು ಬರುವುದಿಲ್ಲವೇ? ಚಹಾ ಬಂದಿತ್ತು, ಕುಡಿಯಲಿಲ್ಲ. ಮನೆಗೂ ಬಾರದೆ, ನನ್ನನ್ನೂ ಕೂರಿಸಿಕೊಂಡು, ಗಾಡಿಯನ್ನು ನೆಟ್ಟಗೆ ಮಹಾಲಿಂಗಪುರಕ್ಕೆ ಹೊಡೆದು, ಸಂತೆಯ ಬೆಲ್ಲದ ಗಾಡಿಗಳ ನಡುವೆ ನಿಲ್ಲಿಸಿ, ಯಾವುದೋ ಗ್ಯಾರೇಜಿನಲ್ಲಿ ಇಪ್ಪತ್ತು-ಐವತ್ತು ಹಾಕಿಸಿಕೊಂಡರು. ಹಾಕುವ ಮೊದಲು ಒಂದು ಹನಿ ಬೆರಳ ನಡುವೆ ಉಜ್ಜಿದರು. ಅದು ದಪ್ಪಗೆ ಜಿಗುಟಾಗಿ ಎಳೆ ಬಿಟ್ಟಿತು. ಒಂದು ಕ್ಷಣ ಅವರ ಮುಖ ಬದಲಾದದ್ದನ್ನು ನಾನು ನೋಡಿದೆ. ಬೆರಳು ಸುಳ್ಳು ಹೇಳುವುದಿಲ್ಲ. ಆದರೂ ಬೆರಳನ್ನು ಅಂಗಿಗೆ ಒರೆಸಿಕೊಂಡು, "ಹಾಕಪಾ" ಎಂದರು. ಹಟ ಎಂದುಕೊಂಡೆ.

ಮರುದಿನದಿಂದ ಗಾಡಿಯ ದನಿ ಬದಲಾಯಿತು. ಮುಂಜಾನೆ ಗುಂಡಿ ಒತ್ತಿದರೆ ಮುಂಭಾಗದಿಂದ ಖಟಖಟ ಗಡಗಡ. ಮಗ್ಗಗಳ ಊರಿಗೆ ಇನ್ನೊಂದು ಮಗ್ಗ ಸೇರಿದಂತಾಯಿತು. ಮುಂದೆ ಫಲಕದಲ್ಲಿ ಎಣ್ಣೆಯ ಕೆಂಪು ದೀಪ ಆರಲು ತಡ ಮಾಡುತ್ತಿತ್ತು. ನಮಗೆಲ್ಲ ಎದೆ ಡವಡವ. ಕಾಕಾನ ಮುಖ ಮಾತ್ರ ಅರಳಿತ್ತು.

"ಈಗ ನೋಡ ಅಕ್ಕೋರ, ಗಾಡಿ ಮಾತಾಡಾಕತ್ತೈತಿ. ಇಷ್ಟ ದಿನಾ ಮೂಕಿ ಇತ್ತು."

ಓಣಿಗೆ ಇದಕ್ಕಿಂತ ಹೆಚ್ಚೇನು ಬೇಕು? "ಕಾಕಾ, ದಿನಕ್ಕ ಎಷ್ಟ ಸೀರಿ ನೇಯ್ತೈತ್ರಿ ಈ ಗಾಡಿ?" ಎಂದು ಕೇಳುವವರು ಕೇಳಿದರು. ಕಾಕಾ ಅದಕ್ಕೂ ನಕ್ಕರು. ಎರಡೆರಡು ಸಲ ಗುಂಡಿ ಒತ್ತುವುದು ನಿಂತುಹೋಗಿತ್ತು. ಅದನ್ನು ನಾವು ಯಾರೂ ಗಮನಿಸಲಿಲ್ಲ.

ರಸೂಲಸಾಬರ ಜೊತೆ ಮಾತು ನಿಂತಿತು. ದೀಪಾವಳಿಗೆ ಕರ್ಚಿಕಾಯಿ ಹೋಗಲಿಲ್ಲ. ರಮಜಾನಿಗೆ ಸುರಕುಂಬಾ ಬಂತು, ಕಾಕಾ ಮುಟ್ಟಲಿಲ್ಲ, ಕಾಕು ನಮಗೆ ಕೊಟ್ಟರು. ನಾನು ಶಾಲೆಯ ಕೆಲಸಕ್ಕೆ ಜಮಖಂಡಿಗೆ ಹೋದಾಗಲೆಲ್ಲ ರಸೂಲಸಾಬ ಕರೆದು ಕೇಳುತ್ತಿದ್ದರು, "ಇನ್ನೂ ಅದ ಎಣ್ಣಿ ಏನವಾ?" ಹೂಂ ಎಂದರೆ ತಲೆ ಅಲ್ಲಾಡಿಸುತ್ತಿದ್ದರು. ಅವರಿಗೆ ಚಿಂತೆ ಇಂಜಿನ್‌ದೋ ಗೆಳೆಯನದೋ ಎಂದು ನಾನು ಕೇಳಲಿಲ್ಲ. ಅವರ ಕೈಯಲ್ಲಿದ್ದ ಚಹಾ ಆರುತ್ತಿತ್ತು.

ಕಾಕಾನಿಗೆ ನಾನೂ ಹೇಳಿ ನೋಡಿದೆ. "ಕಾಕಾ, ನಿಮ್ಮ ಮಗ್ಗಕ್ಕ ನೀವು ಗಾಣದ ಎಣ್ಣಿ ಹಾಕ್ತೀರೇನು?" ಅವರು ನನ್ನ ಬಾಯಿಯನ್ನೇ ನೋಡಿ, "ಬೇಳಿ ಹಾಕ್ಯಾಳ ನಿಮ್ಮ ಕಾಕು, ಉಂಡ ಹೋಗು" ಎಂದರು. ಬಣ್ಣ ಬಿಡಂಗಿಲ್ಲ ಎಂದುಕೊಂಡು ಉಂಡು ಬಂದೆ.

ಬೇಸಿಗೆ ಶುರುವಾಗುವ ಹೊತ್ತಿಗೆ ಖಟಖಟ ಮುಂಜಾನೆಗೆ ಮುಗಿಯದೆ ಇಡೀ ದಿನ ಹಬ್ಬಿತು. ನಾನೇ ರಸೂಲಸಾಬರಿಗೆ ಫೋನು ಮಾಡಿದೆ. ಮರುದಿನವೇ ಅವರು ಬಂದರು. ಹಳೆಯ ಸ್ಕೂಟರಿನ ಮುಂದೆ ಹೊಸ ಎಣ್ಣೆಯ ಡಬ್ಬಿ ಇಟ್ಟುಕೊಂಡು, ಆ ಬಿಸಿಲಲ್ಲಿ, ಆ ವಯಸ್ಸಿನಲ್ಲಿ. ಅವತ್ತು ತಂತಿ ರಿಪೇರಿಗೆಂದು ಊರಿಗೆಲ್ಲ ಕರೆಂಟು ತೆಗೆದಿದ್ದರು. ಕರೆಂಟು ಹೋದಾಗ ಬನಹಟ್ಟಿ ಬೇರೆಯೇ ಊರು. ಮಗ್ಗಗಳೆಲ್ಲ ಒಮ್ಮೆಗೇ ನಿಂತು, ಗುಬ್ಬಿಯ ದನಿ, ಪಾತ್ರೆಯ ದನಿ, ಯಾರದೋ ಆಕಳಿಕೆ ಕೂಡ ಕೇಳುತ್ತದೆ.

ಅಂಗಳದಲ್ಲಿ ಕಾಕಾ ಬಾನೆಟ್ ಎತ್ತಿಕೊಂಡು, ನಮ್ಮ ಕಡೆ ಬೆನ್ನು ಮಾಡಿ, ಬಟ್ಟೆಯಿಂದ ಇಂಜಿನ್ ಒರೆಸುತ್ತಿದ್ದರು. ಇಂಜಿನ್ ಬಂದ್ ಇತ್ತು. ಕಾಕು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ರಸೂಲಸಾಬ ನನ್ನ ಜೊತೆ ಗೇಟಿನಲ್ಲಿ ನಿಂತು ಕರೆದರು.

"ಸಾವ್ಕಾರ್ರ."

ಕಾಕಾ ತಿರುಗಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡೆವು.

"ಲೇ ದೋಸ್ತ."

ತಿರುಗಲಿಲ್ಲ. ರಸೂಲಸಾಬ ಡಬ್ಬಿಯನ್ನು ಕೆಳಗಿಟ್ಟರು. ಗಂಟಲು ಸರಿ ಮಾಡಿಕೊಂಡರು.

"ಆತಪಾ, ನಾ ಸೋತೆ. ನಿಂದ ಖರೆ. ಐವತ್ತ ಸಣ್ಣದು, ನಲವತ್ತ ದಪ್ಪ. ಜಗತ್ತಿನ ಎಣ್ಣಿ ಎಲ್ಲಾ ನಿನ್ನ ನೂಲಿನಂಗ. ಈಗರೆ ಮಾತಾಡು."

ಅಷ್ಟು ತಿಂಗಳು ಕಾಕಾ ಕಾದಿದ್ದ ಮಾತು ಅದು. ಅದನ್ನು ಕೇಳಿ ತಿರುಗದೆ ಇರುವ ಮನುಷ್ಯ ಅವರಲ್ಲ. ಸತ್ತಿದ್ದರೂ ಎದ್ದು ಬಂದು "ಇನ್ನೊಮ್ಮೆ ಹೇಳು" ಅನ್ನುವವರು. ಆದರೆ ಅವರು ಇಂಜಿನ್ ಒರೆಸುತ್ತಲೇ ಇದ್ದರು, ನಿಧಾನವಾಗಿ, ತಮ್ಮಷ್ಟಕ್ಕೆ ಏನೋ ಗುನುಗುತ್ತ.

ಆಗ ನನಗೆ ತಿಳಿಯಿತು. ರಸೂಲಸಾಬರಿಗೂ ತಿಳಿಯಿತು. ಕಾಕು ಶೇಂಗಾದ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಅವರಿಗೆ ಮೊದಲೇ ಗೊತ್ತಿತ್ತು. ಗುಂಡಿ ಎರಡು ಸಲ ಒತ್ತಿದ್ದು, ಅಡ್ಡ ಉತ್ತರಗಳು, ನನ್ನ ಬಾಯಿ ನೋಡಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಜೀವಮಾನವಿಡೀ ಮಗ್ಗಗಳ ನಡುವೆ ಇದ್ದ ಕಿವಿ ಸವೆದುಹೋಗಿತ್ತು. ಎದುರಿಗಿದ್ದವರ ತುಟಿ ನೋಡಿ ಮಾತು ಊಹಿಸುತ್ತಿದ್ದರು, ಒಮ್ಮೊಮ್ಮೆ ಊಹೆ ತಪ್ಪುತ್ತಿತ್ತು. ನಾವು ಅದನ್ನು ಚೇಷ್ಟೆ ಎಂದು ಗಾದೆ ಮಾಡಿಕೊಂಡಿದ್ದೆವು.

ಕಾಕಾ ಬಟ್ಟೆ ಜಾಡಿಸಲು ತಿರುಗಿದವರು ಗೆಳೆಯನನ್ನು ಕಂಡರು. ಮುಖದಲ್ಲಿ ಮೊದಲು ಸಂತೋಷ ಬಂತು, ಆಮೇಲೆ ಸಿಟ್ಟು ನೆನಪಾಯಿತು.

"ಯಾವಾಗ ಬಂದಿ?"

ರಸೂಲಸಾಬ ಹತ್ತಿರ ಹೋಗಿ, ಮಾತಾಡದೆ, ತಮ್ಮ ಕಿವಿಯನ್ನು ಮುಟ್ಟಿಕೊಂಡು, ಕೈ ತಿರುಗಿಸಿ ಏನೆಂದು ಕೇಳಿದರು. ಕಾಕಾ ನಮ್ಮೆಲ್ಲರ ಮುಖ ನೋಡಿದರು. ಒಂದು ಸುಳ್ಳು ಹೇಳಲು ಬಾಯಿ ತೆರೆದು, ಊರು ಇಷ್ಟು ಸುಮ್ಮನಿದೆ ಎಂದು ಆಗ ಗೊತ್ತಾದವರಂತೆ ಅತ್ತ ಇತ್ತ ನೋಡಿ, ಬಾನೆಟ್ಟಿಗೆ ಒರಗಿದರು.

"ಐವತ್ತು ದಪ್ಪ ಅನ್ನೂದು ನನ್ನ ಬೆರಳಿಗೆ ಅವತ್ತ ಗೊತ್ತಾತಲೇ" ಎಂದರು. ಅವರ ದನಿ ಅಷ್ಟು ಸಣ್ಣಗೆ ನಾನು ಎಂದೂ ಕೇಳಿರಲಿಲ್ಲ. "ಈ ಎಣ್ಣಿ ಹಾಕಿದ್ರ ನನಗ ಗಾಡಿ ಕೇಳತೈತಿ. ನಿನ್ನ ಎಣ್ಣಿ ಹಾಕಿದ್ರ ನಾ ಕೆಪ್ಪ."

ರಸೂಲಸಾಬ ಅವರ ಹೆಗಲ ಮೇಲೆ ಕೈ ಇಟ್ಟು, ಎದುರಿಗೆ ನಿಂತು, ಒಂದೊಂದೇ ಮಾತು ಬಿಡಿಸಿ ಹೇಳಿದರು. ಈ ಎಣ್ಣೆಯಲ್ಲಿ ಇನ್ನು ಕೆಲವು ದಿನ ಓಡಿದರೆ ಇಂಜಿನ್ ಮುಗಿಯುತ್ತದೆ, ಆಮೇಲೆ ಕೇಳಲು ಗಾಡಿಯೇ ಇರುವುದಿಲ್ಲ. ಕಿವಿಗೆ ಮಷೀನು ಹಾಕಿಕೋ ಎಂದರು. ಹಾಕಿ ನೋಡಿದ್ದರಂತೆ, ಗುಟ್ಟಾಗಿ. ಮಗ್ಗದ ಮನೆಯಲ್ಲಿ ಅದು ಖಟಖಟವನ್ನೇ ಹತ್ತು ಪಟ್ಟು ಮಾಡಿ ತಲೆಗೆ ತುಂಬಿತಂತೆ. ಗುಂಡಿ ಒತ್ತಿದ ಮೇಲೆ ಫಲಕದ ಮುಳ್ಳು ಮೇಲೇಳುವುದನ್ನು ನೋಡಿದರಾಯಿತು ಎಂದು ನಾನು ಹೇಳಿದೆ. ಬೆರಳನ್ನು ನಂಬಿದ ಮನುಷ್ಯ ಮುಳ್ಳನ್ನು ನಂಬುತ್ತಾರೆಯೇ? "ಇನ್ನ ಬ್ಯಾಡ ಬಿಡ್ರಿ. ಗಾಡಿ ಮಾರೂನು" ಎಂದು ಕಾಕಾ ಬಾನೆಟ್ ಇಳಿಸಲು ಕೈ ಹಾಕಿದರು.

ಕಾಕು ಕಟ್ಟೆಯಿಂದ ಇಳಿದು ಬಂದರು. ಸೆರಗಿಗೆ ಕೈ ಒರೆಸಿಕೊಂಡರು.

"ರಸೂಲಣ್ಣಾ, ಆ ಎಣ್ಣಿ ತಗದು ನಿಮ್ದು ಹಾಕ್ರಿ." ಆಮೇಲೆ ಗಂಡನ ಎದುರಿಗೆ ನಿಂತು, ಅವರಿಗೆ ಕಾಣುವ ಹಾಗೆ ಹೇಳಿದರು. "ನಾ ಕುಂಡ್ರತೇನಿ ಬಾಜೂಕ. ಚಾಲೂ ಆತಂದ್ರ ಆತು ಅಂತ ಹೇಳತೇನಿ. ನನ್ನ ಕಿವಿ ಏನ ಕೆಟ್ಟಿಲ್ಲ."

"ನೀ ಎಲ್ಲಿಗ ಬರತಿ? ಮನಿ?"

"ಮನಿ ಎಲ್ಲಿಗ ಓಡಿ ಹೋಗತೈತ್ರಿ?"

ರಸೂಲಸಾಬ ಅಂಗಳದಲ್ಲೇ ಕಪ್ಪು ಎಣ್ಣೆ ಇಳಿಸಿ, ಫಿಲ್ಟರು ಬದಲಿಸಿ, ಹೊಸದು ಸುರಿದರು. ಅದು ನೀರಿನಂತೆ ಸರಿದುಹೋಯಿತು. ಕಾಕಾ ಒಂದು ಹನಿಯನ್ನು ಬೆರಳಲ್ಲಿ ಉಜ್ಜಿ ಅಂಗಿಗೆ ಒರೆಸಿಕೊಂಡರು. ಒಳಗೆ ಕೂತು ಗುಂಡಿ ಒತ್ತಿದರು. ನಮಗೇ ಕೇಳಿಸದಷ್ಟು ಸಣ್ಣಗೆ ಇಂಜಿನ್ ಎದ್ದಿತು. ಅವರ ಬೆರಳು ಗುಂಡಿಯ ಮೇಲೆಯೇ ಇತ್ತು, ಮತ್ತೆ ಒತ್ತಬೇಕೋ ಬೇಡವೋ ಎಂದು. ಪಕ್ಕದ ಸೀಟಿನಲ್ಲಿ ಕೂತ ಕಾಕು ಗಂಡನ ಮೊಣಕಾಲ ಮೇಲೆ ಕೈ ಇಟ್ಟರು. "ಆತು." ಕಾಕಾ ಬೆರಳು ತೆಗೆದರು.

ಅಂದಿನಿಂದ ಕಾಕಾ ಒಬ್ಬರೇ ಎಲ್ಲಿಗೂ ಹೋಗಲಿಲ್ಲ. ಸೀರೆಯ ವ್ಯಾಪಾರಕ್ಕೆ ಎಲ್ಲೆಲ್ಲೋ ತಿರುಗಿದವರು ಅವರು. ಕಾಕು ಮಾತ್ರ ಮದುವೆಯಾದ ಮೇಲೆ ತವರು ಬಿಟ್ಟರೆ ಮಗ್ಗದ ಕೋಣೆಯನ್ನಷ್ಟೇ ಕಂಡವರು. ಈಗ ಎಣ್ಣೆಯ ಕೃಪೆಯಿಂದ ಆಕೆಗೆ ಊರುಗಳು ಸಿಕ್ಕವು. ಮುಧೋಳಕ್ಕೆ ಮಗಳ ಮನೆಗೆ ಹೋದರು. ಬೀಳಗಿಯ ಆಚೆ ಕೃಷ್ಣೆಯ ಹಿನ್ನೀರಿನ ದಂಡೆಗೆ ಹೋಗಿ ನೀರು ನೋಡುತ್ತ ಗಿರಮಿಟ್ಟು ತಿಂದು ಬಂದರು. ಇಲಕಲ್ ಸೀರೆಯ ಮೇಲೆ ಸೀಟ್ ಬೆಲ್ಟು, ಕೈಯಲ್ಲಿ ಎಲೆ ಅಡಿಕೆಯ ಚೀಲ. ಹಿಂದೆ ಹಾರನ್ ಕೇಳಿದರೆ ಕಾಕು ಗಂಡನ ಮೊಣಕಾಲು ತಟ್ಟುತ್ತಿದ್ದರು, ಕಾಕಾ ಬದಿಗೆ ತೆಗೆದುಕೊಳ್ಳುತ್ತಿದ್ದರು. ಕಬ್ಬಿನ ಟ್ರ್ಯಾಕ್ಟರಿನ ಹಾಡು ಚೆನ್ನಾಗಿದ್ದರೆ ತಟ್ಟುತ್ತಲೇ ಇರಲಿಲ್ಲವಂತೆ. "ನಾ ಕೇಳಬಾರದೇನು? ಇವರಿಗಂತೂ ಕೇಳಂಗಿಲ್ಲ" ಎಂದು ನನಗೆ ಹೇಳಿ ನಕ್ಕರು. ಆ ವಯಸ್ಸಿನಲ್ಲಿ ಅವರು ಹಾಗೆ ನಗುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ.

ರಸೂಲಸಾಬರ ಜೊತೆ ರಾಜಿಯಾಯಿತು, ಅಂದರೆ ಜಗಳ ಮತ್ತೆ ಶುರುವಾಯಿತು. ಎಣ್ಣೆ ಬದಲಿಸಲು ಜಮಖಂಡಿಗೆ ಹೋದಾಗಲೆಲ್ಲ ಕಾಕಾ, "ನಿನ್ನ ನಲವತ್ತು ದಪ್ಪ ಆತಲೇ" ಎನ್ನುತ್ತಿದ್ದರು. ರಸೂಲಸಾಬ, "ನಿನ್ನ ತಲಿ ದಪ್ಪ" ಎನ್ನುತ್ತಿದ್ದರು. ಅಂಗಳದಲ್ಲಿ ಅವತ್ತು ತಾನು ಸೋತೆನೆಂದು ಹೇಳಿದ್ದನ್ನು ಅವರು ಮತ್ತೆ ಹೇಳಲಿಲ್ಲ. ನಾವೂ ಹೇಳಲಿಲ್ಲ. ತಾವು ಗೆದ್ದದ್ದು ಕಾಕಾನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಹೋದ ಚಳಿಗಾಲದಲ್ಲಿ, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ರಸೂಲಸಾಬ ಬಂದು ಸಂಜೆಯವರೆಗೆ ಗಾಡಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

ಗಾಡಿಯನ್ನು ಮಗ ಏನು ಮಾಡಿಯಾನು? ನಿಲ್ಲಿಸಿದರೆ ಕೆಡುತ್ತದೆ. ಮಾರುವುದೆಂದಾಯಿತು. ಮೊನ್ನೆ ಬಾಗಲಕೋಟೆಯಿಂದ ಒಬ್ಬ ತರುಣ ಡಾಕ್ಟರು ನೋಡಲು ಬಂದರು. ಮಗ ಊರಲ್ಲಿರಲಿಲ್ಲವೆಂದು ಕಾಕು ನನ್ನನ್ನು ಕರೆದರು. ಡಾಕ್ಟರು ಕೆಳಗೆ ಬಗ್ಗಿ, ಮೇಲೆ ಎದ್ದು, ಟಾರ್ಚು ಹಾಕಿ ಎಲ್ಲ ನೋಡಿದರು. ಯಾವ ಎಣ್ಣೆ ಹಾಕುತ್ತಿದ್ದಿರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾಕು ನಂಬರನ್ನೂ, ಡಬ್ಬಿಯ ಹಿಂದಿರಬೇಕಾದ ಗುರುತನ್ನೂ ಹೇಳಿದರು. ಡಾಕ್ಟರ ಮುಖದಲ್ಲಿ ಮೆಚ್ಚುಗೆ ಕಾಣಿಸಿತು. ಒಳಗೆ ಕೂತು ಗುಂಡಿ ಒತ್ತಿದರು, ಇಂಜಿನ್ ಎದ್ದಿತು, ಕಿವಿಗೊಟ್ಟು ಕೇಳಿ ತಲೆದೂಗಿದರು.

"ಬೆಣ್ಣಿಯಂಗ ಐತ್ರಿ ಅಮ್ಮಾರ. ಏನರೆ ತ್ರಾಸ ಇದ್ರ ಈಗ ಹೇಳಿಬಿಡ್ರಿ, ಮುಂದ ನನಗ ಗೊತ್ತಾಗಬಾರದು."

ಕಾಕು ಸ್ವಲ್ಪ ಯೋಚಿಸಿದರು. ಅವರು ಸುಳ್ಳು ಹೇಳುವವರಲ್ಲ.

"ತ್ರಾಸ ಏನೂ ಇಲ್ರೀ. ಚಾಲೂ ಆಗಿದ್ದ ಗೊತ್ತಾಗಂಗಿಲ್ಲ, ಅಷ್ಟ. ಬಾಜೂಕ ಒಬ್ರು ಕುಂತು ಆತು ಅಂತ ಹೇಳಬೇಕಾಗತಿತ್ತು."

ಡಾಕ್ಟರ ಹುಬ್ಬು ಗಂಟಿಕ್ಕಿತು. ಫಲಕದ ದೀಪಗಳನ್ನು ಒಂದೊಂದಾಗಿ ನೋಡಿ, ನನ್ನ ಕಡೆ ತಿರುಗಿ ಕೇಳಿದರು.

"ಸೆನ್ಸರ್ ಕೆಟ್ಟೈತೇನ್ರಿ?"

ಕಾಕು ಪಕ್ಕದ ಸೀಟಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದರು.

"ಕೆಟ್ಟಿಲ್ರೀ, ಛಲೋ ಐತಿ. ಗಾಡಿ ಜೋಡಿ ಬರಂಗಿಲ್ಲ, ಅಷ್ಟ."